ವೇಗದೊಂದಿಗೆ ಏರುವ ಸದ್ದು: ಟಯರೋ, ಚಕ್ರದ ಬೇರಿಂಗೋ ಎಂದು ಗುರುತಿಸುವ ಬಗೆ

ಗಂಟೆಗೆ 40 ಕಿಲೋಮೀಟರ್ ದಾಟುತ್ತಿದ್ದಂತೆ ಕಾರಿನ ಅಡಿಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. 60ರ ಹೊತ್ತಿಗೆ ಅದು ಸ್ಪಷ್ಟವಾಗುತ್ತದೆ, 80ರಲ್ಲಿ ಪಕ್ಕದಲ್ಲಿ ಕೂತವರೊಂದಿಗೆ ಮಾತಾಡಲು ದನಿ ಏರಿಸಬೇಕಾಗುತ್ತದೆ, ವೇಗ ಇಳಿಸಿದರೆ ಸದ್ದೂ ಅದೇ ಕ್ರಮದಲ್ಲಿ ಇಳಿದು ಅಡಗುತ್ತದೆ. ಗ್ಯಾರೇಜಿಗೆ ಬರುವ ದೂರುಗಳಲ್ಲಿ ಇದು ತೀರಾ ಸಾಮಾನ್ಯವಾದದ್ದು. ಬೇಡದ ಬಿಡಿಭಾಗಕ್ಕೆ ಹಣ ಸುರಿಯುವಂತೆ ಮಾಡುವ ದೂರುಗಳಲ್ಲಿಯೂ ಇದು ಮುಂದಿದೆ. ಚಕ್ರ ಸರಾಗವಾಗಿ ತಿರುಗುವಂತೆ ಅದರ ನಡುವೆ ಕೂರುವ, ಎರಡು ಬಳೆಗಳ ನಡುವೆ ಉಕ್ಕಿನ ಗುಂಡುಗಳಿರುವ ಭಾಗವೇ ಬೇರಿಂಗ್. 'ಬೇರಿಂಗ್ ಹೋಗಿದೆ' ಎಂಬ ತೀರ್ಪು ಎರಡೇ ನಿಮಿಷದಲ್ಲಿ ಬಂದುಬಿಡುತ್ತದೆ. ಬೇರಿಂಗ್ ಬದಲಾದ ಮೇಲೂ ಸದ್ದು ಹಾಗೆಯೇ ಇದ್ದರೆ ಇನ್ನೊಂದು ಬದಿಯ ಬೇರಿಂಗಿನ ಮೇಲೆ ಕಣ್ಣು ಬೀಳುತ್ತದೆ, ಅದೂ ಆದ ಮೇಲೆ ಕೊನೆಗೆ ಟಯರಿನ ನೆನಪಾಗುತ್ತದೆ. ಈ ಕ್ರಮ ತಲೆಕೆಳಗಾದದ್ದು. ಸದ್ದು ಯಾವುದನ್ನು ಅವಲಂಬಿಸಿ ಬದಲಾಗುತ್ತದೆ ಎಂಬುದನ್ನು ಮೊದಲು ರಸ್ತೆಯ ಮೇಲೆ, ಖರ್ಚಿಲ್ಲದೆ ಕಂಡುಕೊಳ್ಳಬೇಕು. ಚಕ್ರ ಬಿಚ್ಚುವುದು ಅದರ ನಂತರದ ಕೆಲಸ.

ಇಲ್ಲಿ ಮುಖ್ಯವಾಗಿ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ, ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ಹ್ಯಾಚ್‌ಬ್ಯಾಕ್ ಮತ್ತು ಸೆಡಾನ್ ಕಾರುಗಳನ್ನು ಗಮನದಲ್ಲಿಟ್ಟುಕೊಂಡು ಬರೆದಿದ್ದೇನೆ. ಬೊಲೆರೊ, ಈಕೋ, ಹಳೆಯ ಇನ್ನೋವಾದಂತಹ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಗಳ ವಿಚಾರ ಮುಂದೆ ಪ್ರತ್ಯೇಕವಾಗಿ ಬರುತ್ತದೆ.

ಗಾಡಿ ಓಡಿಸುವ ಮುನ್ನ

ಕೆಲವು ಸದ್ದುಗಳನ್ನು ರಸ್ತೆಯ ಮೇಲೆ ಪರೀಕ್ಷಿಸುವುದೇ ಅಪಾಯ. ಹಾಗಾಗಿ ಗಾಡಿ ತಂಪಾಗಿರುವಾಗ, ನಿಂತಲ್ಲೇ ಐದು ನಿಮಿಷ ಅದರ ಸುತ್ತ ನೋಡುವುದು ಕಡ್ಡಾಯ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಅಥವಾ ಟಯರ್ ಬದಲಿಸಿದ್ದರೆ ಮೊದಲು ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ವೀಲ್ ಸ್ಪ್ಯಾನರ್ ಹಾಕಿ ನೋಡಿ; ಸಡಿಲಾದ ನಟ್ಟಿನಿಂದ ಬರುವ ಕುಟ್ಟುವ ಸದ್ದೂ ವೇಗದೊಂದಿಗೇ ಏರುತ್ತದೆ, ಮತ್ತು ಅದು ಚಕ್ರ ಕಳಚಿಹೋಗುವುದಕ್ಕೆ ಮುನ್ನ ಸಿಗುವ ಎಚ್ಚರಿಕೆ. ಆ ಬಳಿಕ ಪ್ರತಿ ಟಯರಿನ ಎರಡೂ ಪಕ್ಕಗಳನ್ನು ನೋಡಿ. ಹೊರಪಕ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ, ಒಳಪಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಗುಂಡಿಗೆ ಬಿದ್ದ ಟಯರಿನ ಉಬ್ಬು ಎಷ್ಟೋ ಸಲ ಒಳಗಡೆಯೇ ಇರುತ್ತದೆ. ಉಬ್ಬು ಕಂಡರೆ, ಅಥವಾ 20-30 ಕಿಲೋಮೀಟರ್ ವೇಗದಲ್ಲೇ ಗಾಡಿ ಎಡಬಲಕ್ಕೆ ಓಲಾಡುತ್ತಾ ಕುಟ್ಟುತ್ತಿದ್ದರೆ, ಟಯರಿನೊಳಗಿನ ಉಕ್ಕಿನ ತಂತಿಯ ಪದರ ರಬ್ಬರಿನಿಂದ ಬಿಡುತ್ತಿರುವ ಸಾಧ್ಯತೆ ದೊಡ್ಡದು. ಅಂತಹ ಗಾಡಿಯನ್ನು ಪರೀಕ್ಷೆಗೆಂದು ಹೆದ್ದಾರಿಗೆ ಒಯ್ಯಬೇಡಿ, ಸ್ಟೆಪ್ನಿ ಹಾಕಿಕೊಂಡು ಟಯರ್ ಅಂಗಡಿಗೆ ಹೋಗಿ.

ಟಯರಿನ ಗಾಳಿಯನ್ನು ಕಾರಿನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಪಟ್ಟಿಯಲ್ಲಿ ಹೇಳಿದ ಒತ್ತಡಕ್ಕೆ ತುಂಬಿಸಿ, ಸ್ಟೆಪ್ನಿಗೂ ಸೇರಿಸಿ. ಒತ್ತಡ ಸರಿಯಿಲ್ಲದೆ ಮಾಡಿದ ಯಾವ ಪರೀಕ್ಷೆಯನ್ನೂ ನಂಬಲಾಗದು. ಮಲೆನಾಡಿನ ಕೆಸರು ರಸ್ತೆಯಲ್ಲಿ ಓಡಾಡಿ ಬಂದಿದ್ದರೆ ರಿಮ್ಮಿನ ಒಳಬದಿಯಲ್ಲಿ ಗಟ್ಟಿಯಾಗಿ ಕೂತ ಮಣ್ಣನ್ನು ತೊಳೆಯಿರಿ. ಒಂದು ಹಿಡಿ ಮಣ್ಣು ಕೂಡ ಚಕ್ರದ ತೂಕದ ಸಮತೋಲ ಕೆಡಿಸಲು ಸಾಕು. ಟಯರಿನ ಸೀಳುಗಳಲ್ಲಿ ಸಿಕ್ಕಿಕೊಂಡ ಜಲ್ಲಿ, ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಹೊಕ್ಕ ಕಲ್ಲು, ಬಂಪರಿನ ಅಡಿ ಕಳಚಿ ಜೋತುಬಿದ್ದ ಪ್ಲಾಸ್ಟಿಕ್ ಹಾಳೆ, ಇವೆಲ್ಲ ಈ ಹಂತದಲ್ಲೇ ಸಿಕ್ಕಿಬಿಡುತ್ತವೆ.

ಎಂಜಿನ್ನಿನ ವೇಗವೋ, ರಸ್ತೆಯ ವೇಗವೋ

ಇಡೀ ಪತ್ತೆಕಾರ್ಯದಲ್ಲಿ ಅತ್ಯಂತ ಹೆಚ್ಚು ಸಾಧ್ಯತೆಗಳನ್ನು ಒಂದೇ ಏಟಿಗೆ ಬದಿಗೆ ಸರಿಸುವ ಪರೀಕ್ಷೆ ಇದು. ಸಮತಟ್ಟಾದ, ನೇರವಾದ, ಹಿಂದೆ ಮುಂದೆ ವಾಹನವಿಲ್ಲದ ರಸ್ತೆಯಲ್ಲಿ 60ರ ವೇಗಕ್ಕೆ ಬಂದು, ಸದ್ದು ಚೆನ್ನಾಗಿ ಕೇಳುತ್ತಿರುವಾಗ, ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ನನ್ನು ಐಡ್ಲಿಂಗಿಗೆ ಇಳಿಯಲು ಬಿಡಿ. ಎಂಜಿನ್ ಆರಿಸಬಾರದು; ಆರಿಸಿದರೆ ಸ್ಟೀರಿಂಗಿನ ಮತ್ತು ಬ್ರೇಕಿನ ನೆರವು ಎರಡೂ ಹೋಗುತ್ತವೆ, ಕೀ ಪೂರ್ತಿ ತಿರುಗಿದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಇದೆ. ಘಾಟಿಯ ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ. ನ್ಯೂಟ್ರಲ್‌ಗೆ ಬಂದೊಡನೆ ಸದ್ದು ಬಿದ್ದುಹೋದರೆ ಮೂಲ ಎಂಜಿನ್, ಅದರ ಬೆಲ್ಟು, ಸೈಲೆನ್ಸರ್ ಅಥವಾ ಗೇರ್‌ಬಾಕ್ಸಿನ ಎಂಜಿನ್ ಕಡೆಯ ಭಾಗದಲ್ಲಿರುವ ಸಾಧ್ಯತೆ ಹೆಚ್ಚು. ಸದ್ದು ಹಾಗೆಯೇ ಮುಂದುವರಿದು, ಗಾಡಿ ನಿಧಾನವಾದಂತೆ ಮಾತ್ರ ತಾನೂ ಇಳಿದರೆ, ಅದು ಚಕ್ರಗಳೊಂದಿಗೆ ತಿರುಗುವ ಯಾವುದೋ ಭಾಗದ್ದು.

ಇಲ್ಲೊಂದು ಸೂಕ್ಷ್ಮವಿದೆ. ನ್ಯೂಟ್ರಲ್‌ನಲ್ಲಿಯೂ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್, ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಮತ್ತು ಆಕ್ಸೆಲ್‌ಗಳು ಚಕ್ರಗಳ ಜೊತೆ ತಿರುಗುತ್ತಲೇ ಇರುತ್ತವೆ. ಆದ್ದರಿಂದ ಸದ್ದು ನಿಲ್ಲಲಿಲ್ಲವೆಂಬ ಒಂದೇ ಕಾರಣಕ್ಕೆ ಗೇರ್‌ಬಾಕ್ಸ್ ನಿರ್ದೋಷಿ ಎಂದು ತೀರ್ಮಾನಿಸುವಂತಿಲ್ಲ. ಅದನ್ನು ಬೇರ್ಪಡಿಸಲು ಅದೇ 60ರ ವೇಗದಲ್ಲಿ ಒಮ್ಮೆ ಆಕ್ಸಿಲರೇಟರ್ ಒತ್ತಿ, ಒಮ್ಮೆ ಬಿಟ್ಟು ಕೇಳಿ. ಒತ್ತಿದಾಗ ಕೊರೆದಂತೆ ಏರಿ, ಬಿಟ್ಟಾಗ ಮಾಯವಾಗುವ ಅಥವಾ ಸ್ವರ ಬದಲಿಸುವ ಸದ್ದು ಹಲ್ಲುಗಳ ಮೇಲಿನ ಭಾರಕ್ಕೆ ಸಂಬಂಧಿಸಿದ್ದು, ಅಂದರೆ ಡಿಫರೆನ್ಷಿಯಲ್ ಅಥವಾ ಗೇರುಗಳದ್ದು. ಒಂದೇ ಒಂದು ಗೇರಿನಲ್ಲಿ ಮಾತ್ರ ಬಂದು ಉಳಿದ ಗೇರುಗಳಲ್ಲಿ ಇಲ್ಲದಿದ್ದರೆ ಅದೂ ಗೇರ್‌ಬಾಕ್ಸಿನದೇ. ಟಯರಿಗಾಗಲಿ ಚಕ್ರದ ಬೇರಿಂಗಿಗಾಗಲಿ ನೀವು ಯಾವ ಗೇರಿನಲ್ಲಿದ್ದೀರಿ ಎಂಬುದು ಗೊತ್ತಾಗುವುದಿಲ್ಲ.

ಗಾಳಿಯ ಸದ್ದನ್ನೂ ಇಲ್ಲಿಯೇ ತೆಗೆದುಹಾಕಬಹುದು. ಅದು ಸಾಮಾನ್ಯವಾಗಿ 70-80ರ ನಂತರವೇ ಗಮನಕ್ಕೆ ಬರುತ್ತದೆ, ಎದುರುಗಾಳಿ ಅಡ್ಡಗಾಳಿಗಳಿಗೆ ತಕ್ಕಂತೆ ಬದಲಾಗುತ್ತದೆ, ಮತ್ತು ಬಾಗಿಲ ಅಂಚು, ರೇನ್ ವೈಸರ್, ಕನ್ನಡಿಯ ಬುಡಗಳಿಗೆ ಪೇಂಟರ್‌ಗಳು ಬಳಸುವ ಕಾಗದದ ಟೇಪನ್ನು ಒಂದೊಂದಾಗಿ ಅಂಟಿಸಿ ಓಡಿಸಿದರೆ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ.

ಕಿವಿ ಮೋಸಹೋಗುವುದು ಏಕೆ

ಉಳಿದವು ಎರಡು: ಟಯರ್ ಮತ್ತು ಚಕ್ರದ ಬೇರಿಂಗ್. ಅನುಭವಿ ಮೆಕ್ಯಾನಿಕ್‌ಗಳೂ ಇವುಗಳ ನಡುವೆ ಎಡವುತ್ತಾರೆ, ಅದಕ್ಕೆ ಕಾರಣ ಲೆಕ್ಕದಲ್ಲಿಯೇ ಇದೆ. 185/65 ಆರ್15 ಅಳತೆಯ ಟಯರಿನ ಸುತ್ತಳತೆ ಸುಮಾರು 1.95 ಮೀಟರ್. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಸಾಗುವುದರಿಂದ ಚಕ್ರ ಸೆಕೆಂಡಿಗೆ ಸುಮಾರು 8.5 ಸುತ್ತು ಹಾಕುತ್ತದೆ. ಬೇರಿಂಗಿನ ಹೊರ ಬಳೆಯಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ ಎಂದುಕೊಂಡರೆ, ಪ್ರತಿ ಸುತ್ತಿಗೆ ಗುಂಡುಗಳ ಸಂಖ್ಯೆಯ ಸುಮಾರು 0.4 ಪಟ್ಟು ಏಟು ಅದಕ್ಕೆ ಬೀಳುತ್ತದೆ. ಒಂದು ಸಾಲಿನಲ್ಲಿ 13 ಗುಂಡುಗಳಿದ್ದರೆ ಸೆಕೆಂಡಿಗೆ 44ರ ಆಸುಪಾಸಿನ ಏಟುಗಳು. ಆ ಏಟುಗಳೇ ಕೂಡಿಕೊಂಡು ನಮಗೆ ತಗ್ಗುದನಿಯ ಗುಂಯ್ ಆಗಿ ಕೇಳುತ್ತವೆ. ಸರಿಯಾಗಿ ಸವೆದ ಟಯರಿನ ಸುತ್ತ ಸೀಳುಗಳ ನಡುವಿನ ರಬ್ಬರ್ ತುಂಡುಗಳು, ಅಂದರೆ ಕಟ್ಟುಗಳು, 60ರಷ್ಟಿದ್ದರೆ ಅದರ ಸ್ವರ 500 ಹರ್ಟ್ಜ್‌ನ (ಸೆಕೆಂಡಿಗೆ 500 ಏಟುಗಳ) ಹತ್ತಿರ ಇರುತ್ತದೆ, ಬೇರಿಂಗಿಗಿಂತ ಬಹಳ ಮೇಲೆ, ಗೊಂದಲಕ್ಕೆ ಎಡೆಯೇ ಇಲ್ಲ. ಆದರೆ ಟಯರ್ ಹಳ್ಳತಿಟ್ಟಾಗಿ ಸವೆದು ಅದರ ಸುತ್ತ ಹತ್ತು ಹನ್ನೆರಡು ಏರಿಳಿತಗಳು ಮೂಡಿದಾಗ ಸದ್ದು 85-100 ಹರ್ಟ್ಜ್‌ಗೆ ಇಳಿದು, ಬೇರಿಂಗಿನ ಸದ್ದಿನ ನೆರೆಗೇ ಬಂದು ಕೂರುತ್ತದೆ. ಹಾಗಾಗಿ ಸದ್ದಿನ ಬಗೆಯನ್ನು ವರ್ಣಿಸಿ ದೋಷ ಹೇಳುವುದು ನಂಬಲರ್ಹವಲ್ಲ. ಸದ್ದು ಯಾವಾಗ ಬದಲಾಗುತ್ತದೆ ಎಂಬುದನ್ನೇ ಹಿಡಿಯಬೇಕು.

ಟಯರಿನ ಪರೀಕ್ಷೆ

ಟಯರಿನ ಸದ್ದು ರಸ್ತೆಯ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟ್ ಹೊದಿಸಿದ) ರಸ್ತೆಯಿಂದ ಹೊಸದಾಗಿ ಹಾಕಿದ ಡಾಂಬರಿಗೆ ಇಳಿದಾಗ, ಅಥವಾ ಶಿರಾಡಿ ಘಾಟಿಯ ಕಾಂಕ್ರೀಟಿನಿಂದ ಡಾಂಬರು ರಸ್ತೆಗೆ ಬಂದಾಗ, ಅದೇ ವೇಗದಲ್ಲಿ ಸದ್ದಿನ ಸ್ವರವೇ ಬೇರೆಯಾದರೆ ಟಯರನ್ನು ಮೊದಲ ಸ್ಥಾನದಲ್ಲಿಟ್ಟುಕೊಳ್ಳಿ. ಬೇರಿಂಗಿನ ಸದ್ದು ನುಣುಪಾದ ರಸ್ತೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಬಹುದು, ಆದರೆ ಅದು ಉಳಿದ ಸದ್ದು ಅಡಗಿದ್ದರಿಂದ. ಅದರ ಸ್ವರ ಬದಲಾಗುವುದಿಲ್ಲ.

ಇನ್ನು ಅಂಗೈ ಪರೀಕ್ಷೆ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಟಯರಿನ ಮೈ ಕೈಗೆಟುಕುತ್ತದೆ. ತಂತಿಯ ತುದಿ ಎದ್ದಿಲ್ಲವೆಂದು, ಗಾಜು ಮೊಳೆಗಳಿಲ್ಲವೆಂದು ಕಣ್ಣಲ್ಲಿ ನೋಡಿಕೊಂಡ ಮೇಲೆ ಅಂಗೈಯನ್ನು ಹಗುರವಾಗಿ ಒತ್ತಿ ಟಯರಿನ ಸುತ್ತಳತೆಯ ದಿಕ್ಕಿನಲ್ಲಿ ಒಂದು ಗೇಣು ಮುಂದಕ್ಕೆ, ಮತ್ತೆ ಹಿಂದಕ್ಕೆ ಸವರಿ. ಒಂದು ಕಡೆ ಸವರಿದಾಗ ನುಣ್ಣಗಿದ್ದು, ವಾಪಸ್ ಬರುವಾಗ ಪ್ರತಿ ಕಟ್ಟಿನ ಅಂಚೂ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಾಗಿದರೆ, ಕಟ್ಟುಗಳು ಒಂದು ತುದಿ ತಗ್ಗಾಗಿ ಇನ್ನೊಂದು ತುದಿ ಎದ್ದು ಸವೆದಿವೆ. ಅದೇ ಸದ್ದಿಗೆ ಸಾಕು. ಇನ್ನೊಮ್ಮೆ ಒಳಗಿನಿಂದ ಹೊರಕ್ಕೆ ಅಡ್ಡಡ್ಡವಾಗಿ ಸವರಿ. ಇಲ್ಲಿ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಚೂಪು ಸಿಕ್ಕಿದರೆ ಚಕ್ರಗಳ ಟೋ ಕೋನ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ, ಅಲೈನ್‌ಮೆಂಟ್ ಮಾಡಿಸಬೇಕು. ಕೈ ಏರಿ ಇಳಿಯುವಂತಹ ಹಳ್ಳಗಳು ಸಿಕ್ಕಿದರೆ ಆ ಬದಿಯ ಶಾಕ್ ಅಬ್ಸಾರ್ಬರ್ ಸೋತಿರಬಹುದು ಅಥವಾ ಚಕ್ರದ ಬ್ಯಾಲೆನ್ಸಿಂಗ್ ಕೆಟ್ಟಿರಬಹುದು. ಹಿಂದಿನ ಚಕ್ರಗಳನ್ನು ಬಿಡಬೇಡಿ. ಮುಂದಿನ ಎಳೆತವಿರುವ ಕಾರುಗಳಲ್ಲಿ ಹಿಂದಿನ ಟಯರ್‌ಗಳು ಭಾರವಿಲ್ಲದೆ ಪುಟಿಯುತ್ತಾ, ವರ್ಷಗಟ್ಟಲೆ ಜಾಗ ಬದಲಿಸದೆ ಇದ್ದರೆ, ಇಂತಹ ಸವೆತ ಅಲ್ಲಿಯೇ ಹೆಚ್ಚು.

ಟಯರಿನ ವಯಸ್ಸನ್ನೂ ನೋಡಿಕೊಳ್ಳಿ. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗಟ್ಟಿಯಾದ ಹಳೆಯ ರಬ್ಬರ್ ಕಟ್ಟುಗಳು ಚೆನ್ನಾಗಿ ಉಳಿದಿದ್ದರೂ ಸದ್ದು ಮಾಡುತ್ತದೆ. ಸೀಳಿನ ಆಳ 1.6 ಮಿಲಿಮೀಟರಿನ ಗುರುತಿಗೆ ಬಂದಿದ್ದರೆ ಪರೀಕ್ಷೆಯ ಮಾತೇ ಬೇಡ, ಬದಲಿಸಿ.

ಅನುಮಾನ ಉಳಿದರೆ ಅದನ್ನು ಮುಗಿಸುವುದು ಚಕ್ರಗಳ ಅದಲುಬದಲು. ಒಂದೇ ಬದಿಯ ಮುಂದಿನ ಚಕ್ರವನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಹೋಗಿ. ಸದ್ದಿನ ಜಾಗ ಅಥವಾ ಸ್ವರ ಬದಲಾದರೆ ಟಯರ್, ಸ್ವಲ್ಪವೂ ಬದಲಾಗದಿದ್ದರೆ ಇನ್ನೊಂದು ಬದಿಯಲ್ಲಿಯೂ ಹಾಗೆಯೇ ಮಾಡಿ. ಸ್ಟೆಪ್ನಿ ಉಳಿದವುಗಳ ಅಳತೆಯದೇ ಆಗಿದ್ದರೆ ಅದನ್ನು ಒಂದೊಂದೇ ಜಾಗಕ್ಕೆ ಹಾಕಿ ನೋಡುವುದು ಇನ್ನೂ ಖಚಿತ. ಅಳತೆ ಚಿಕ್ಕದಿರುವ ತಾತ್ಕಾಲಿಕ ಸ್ಟೆಪ್ನಿಯಾದರೆ ಅದರ ಮೇಲೆ ಬರೆದ ವೇಗಮಿತಿ ಮೀರಬಾರದಾದ್ದರಿಂದ ಈ ಕೆಲಸಕ್ಕೆ ಅದು ಬೇಡ. ಒಂದು ಗಂಟೆಯ ಈ ಶ್ರಮವನ್ನು ಮಾಡದೆ ಬೇರಿಂಗ್ ತರಿಸುವುದಕ್ಕೆ ಒಪ್ಪಬೇಡಿ ಎಂಬುದು ನನ್ನ ಖಚಿತ ಸಲಹೆ.

ಬೇರಿಂಗಿನ ಪರೀಕ್ಷೆ

ಬೇರಿಂಗಿನ ಸದ್ದು ರಸ್ತೆಯ ಮೇಲ್ಮೈಗಿಂತ ಭಾರಕ್ಕೆ ಸ್ಪಂದಿಸುತ್ತದೆ. ಖಾಲಿ ರಸ್ತೆಯಲ್ಲಿ 50-60ರ ವೇಗದಲ್ಲಿ ಸ್ಟೀರಿಂಗನ್ನು ಮೃದುವಾಗಿ ಎಡಕ್ಕೆ, ನಂತರ ಬಲಕ್ಕೆ ತೂಗಿ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆಯ ಚಕ್ರಗಳಿಗೆ ವಾಲುತ್ತದೆ. ಆಗ ಸದ್ದು ಜೋರಾಗಿ, ಬಲಕ್ಕೆ ತಿರುಗಿದಾಗ ತಗ್ಗಿದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಆದರೆ ಈ ಪರೀಕ್ಷೆಯೊಂದನ್ನೇ ನಂಬಿ ಬದಿ ನಿರ್ಧರಿಸಬಾರದು. ಇಂದಿನ ಕಾರುಗಳ ಚಕ್ರದ ಬೇರಿಂಗಿನೊಳಗೆ ಗುಂಡುಗಳ ಎರಡು ಸಾಲುಗಳಿದ್ದು, ತಿರುವಿನಲ್ಲಿ ಭಾರ ಒಂದು ಸಾಲಿನಿಂದ ಇನ್ನೊಂದಕ್ಕೆ ಹಾಯುತ್ತದೆ. ಕೆಟ್ಟಿರುವ ಸಾಲು ಯಾವುದೆಂಬುದರ ಮೇಲೆ ಫಲಿತಾಂಶ ತಿರುವುಮುರುವಾಗಬಹುದು. ಸದ್ದು ತಿರುವಿಗೆ ಬದಲಾಗುತ್ತದೆ ಎಂಬುದು ಬೇರಿಂಗಿನತ್ತ ಬೆರಳು ತೋರಿಸುತ್ತದೆ, ಯಾವ ಬೇರಿಂಗ್ ಎಂಬುದನ್ನು ಜಾಕ್ ಹಾಕಿಯೇ ತಿಳಿಯಬೇಕು.

ಹಿಂದು ಮುಂದನ್ನು ಗುರುತಿಸಲು ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ಹಿಂದಿನ ಡ್ರಮ್ಮಿನೊಳಗಿನ ಬೇರಿಂಗ್ ಸದ್ದು ನೆಲದ ತಗಡಿನ ಮೂಲಕ ಸಾಗಿ ಚಾಲಕನಿಗೆ ಮುಂದಿನಿಂದ ಬಂದಂತೆ ಕೇಳುವುದು ಸಾಮಾನ್ಯ.

ಗಟ್ಟಿ ಸಮತಟ್ಟು ನೆಲದಲ್ಲಿ, ಇತರ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಅನುಮಾನದ ಚಕ್ರವನ್ನು ಜಾಕಿನಿಂದ ಎತ್ತಿ, ಗಾಡಿಯ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಕೈ ಹಾಕಬಾರದು. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಸಡಿಲಾಗಿದೆ ಅಥವಾ ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್ ಸವೆದಿದೆ; ಯಾವುದೆಂದು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗಿನದು. 9 ಮತ್ತು 3ರ ಜಾಗದಲ್ಲಿ ಮಾತ್ರ ಆಡಿದರೆ ಸ್ಟೀರಿಂಗಿನ ಟೈ ರಾಡ್ ಕಡೆ ನೋಡಿ. ಆಟ ಕಂಡುಬಂದ ಬೇರಿಂಗಿನ ಗಾಡಿಯನ್ನು ಮತ್ತೆ ಓಡಿಸುವುದು ಬೇಡ, ಅಲ್ಲೇ ರಿಪೇರಿಯಾಗಲಿ.

ಆಟವೇ ಇಲ್ಲದಿದ್ದರೆ ಬೇರಿಂಗ್ ಚೆನ್ನಾಗಿದೆ ಎಂದು ಬಹಳ ಜನ ಕೈಬಿಡುತ್ತಾರೆ. ಅದು ಸರಿಯಲ್ಲ. ಗುಂಡುಗಳ ಹಾದಿಯಲ್ಲಿ ಚಕ್ಕೆ ಎದ್ದು ಸಾವಿರಾರು ಕಿಲೋಮೀಟರ್ ಕೂಗಿದ ಮೇಲಷ್ಟೇ ಎಷ್ಟೋ ಬೇರಿಂಗ್‌ಗಳಲ್ಲಿ ಕೈಗೆ ಸಿಗುವಷ್ಟು ಆಟ ಬರುತ್ತದೆ. ಇಂತಹ ಬೇರಿಂಗನ್ನು ಹಿಡಿಯಲು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ಕಾಯಿಲ್ ಸ್ಪ್ರಿಂಗ್. ಎತ್ತಿದ ಚಕ್ರವನ್ನು ಒಂದು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳ ತುದಿಗಳನ್ನು ಆ ಚಕ್ರದ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಡಿ. ಒಳ್ಳೆಯ ಬೇರಿಂಗ್ ಇರುವಲ್ಲಿ ಸ್ಪ್ರಿಂಗ್ ತಣ್ಣಗೆ ಸುಮ್ಮನಿರುತ್ತದೆ. ಚಕ್ಕೆ ಎದ್ದ ಬೇರಿಂಗಿನಲ್ಲಿ ಕಿವಿಗೆ ಏನೂ ಕೇಳದಿದ್ದರೂ ಬೆರಳಿಗೆ ಮರಳ ಮೇಲೆ ಉರುಳಿದಂತಹ ಸಣ್ಣ ಒರಟು ನಡುಕ ಬರುತ್ತದೆ. ಬ್ರೇಕ್ ಪ್ಯಾಡ್ ತಾಗುವ ಸರಸರ ಸದ್ದನ್ನು ಇದೆಂದು ತಿಳಿಯಬಾರದು, ಅದು ಸುತ್ತಿನ ಒಂದು ಭಾಗದಲ್ಲಿ ಮಾತ್ರ ಬಂದು ಹೋಗುತ್ತದೆ. ಎಡಬಲ ಎರಡನ್ನೂ ಒಂದರ ಹಿಂದೊಂದು ಮುಟ್ಟಿ ಹೋಲಿಸಿದರೆ ವ್ಯತ್ಯಾಸ ಮರೆಯಾಗುವುದಿಲ್ಲ.

ಬಿಸಿಯೂ ಒಂದು ಸುಳಿವು. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಹಬ್‌ಗಳ (ಚಕ್ರವನ್ನು ಬಿಗಿಯುವ ನಡುಭಾಗ) ಹತ್ತಿರ ಮುಂಗೈ ಹಿಡಿದು ಹೋಲಿಸಿ, ಡಿಸ್ಕನ್ನು ಮುಟ್ಟಬೇಡಿ. ಒಂದು ಮಾತ್ರ ಎದ್ದು ಕಾಣುವಷ್ಟು ಬಿಸಿಯಿದ್ದರೆ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕ್, ಎರಡರಲ್ಲೊಂದು.

ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಎತ್ತಿ ಎಂಜಿನ್ನಿನಿಂದಲೇ ಚಕ್ರ ತಿರುಗಿಸಿ ಕೇಳುವ ಪದ್ಧತಿಯಿದೆ. ಅಲ್ಲಿ ಎರಡು ಎಚ್ಚರಿಕೆ ಬೇಕು. ಒಂದೇ ಮುಂದಿನ ಚಕ್ರ ಎತ್ತಿದ್ದರೆ ಡಿಫರೆನ್ಷಿಯಲ್‌ನಿಂದಾಗಿ ಅದು ಸ್ಪೀಡೋಮೀಟರ್ ತೋರಿಸುವುದರ ಇಮ್ಮಡಿ ವೇಗದಲ್ಲಿ ತಿರುಗುತ್ತದೆ, 30 ಎಂದು ಕಂಡಾಗ ಅದು ನಿಜಕ್ಕೂ 60ರಲ್ಲಿದೆ. ಎರಡನ್ನೂ ಎತ್ತಿದ್ದರೆ ಸಸ್ಪೆನ್ಷನ್ ಜೋತುಬಿದ್ದು ಆಕ್ಸೆಲ್ಲಿನ ತುದಿಗಳಲ್ಲಿ ಬಾಗಿಯೂ ತಿರುಗಬಲ್ಲ ಕೀಲುಗಳಾದ ಸಿವಿ ಜಾಯಿಂಟ್‌ಗಳು ವಿಪರೀತ ಕೋನದಲ್ಲಿ ತಿರುಗುತ್ತವೆ, ಅವುಗಳ ಸದ್ದನ್ನೇ ದೋಷವೆಂದು ಬರೆದುಕೊಳ್ಳುವ ಅಪಾಯವಿದೆ.

ಹಿಂದಿನ ಎಳೆತದ ಗಾಡಿಗಳು, ಇನ್ನಿತರ ಸಾಧ್ಯತೆಗಳು

ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಅದರ ಕೀಲುಗಳಾದ ಕ್ರಾಸ್‌ಗಳು, ಶಾಫ್ಟ್ ಎರಡು ತುಂಡಾಗಿದ್ದರೆ ನಡುವಿನ ಸೆಂಟರ್ ಬೇರಿಂಗ್, ಹಿಂದಿನ ಡಿಫರೆನ್ಷಿಯಲ್ಲಿನ ಗೇರುಗಳಾದ ಕ್ರೌನ್ ಪಿನಿಯನ್ ಇವು ಪಟ್ಟಿಗೆ ಸೇರುತ್ತವೆ. ಶಾಫ್ಟ್ ಚಕ್ರಕ್ಕಿಂತ ಮೂರ್ನಾಲ್ಕು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ದೋಷ ಸದ್ದಿನ ಜೊತೆ ನೆಲದಲ್ಲಿ ನಡುಕವನ್ನೂ ತರುತ್ತದೆ. ಹೊರಡುವಾಗ, ಗೇರ್ ಹಾಕುವಾಗ ಟಕ್ ಎಂದರೆ ಕ್ರಾಸ್ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕೊರೆದರೆ ಕ್ರೌನ್ ಪಿನಿಯನ್ ಎಣ್ಣೆಯ ಮಟ್ಟವನ್ನು ಮೊದಲು ನೋಡಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ ಟಕಟಕ ಎನ್ನುವುದು ಹೊರಗಿನ ಸಿವಿ ಜಾಯಿಂಟ್. ಸದ್ದಿನ ಬದಲು ಸ್ಟೀರಿಂಗಿನಲ್ಲಿ ನಡುಕ ಬಂದು, 80-100ರ ನಡುವೆ ಕಾಣಿಸಿ ಮತ್ತೆ ಕಡಿಮೆಯಾದರೆ ಬ್ಯಾಲೆನ್ಸಿಂಗ್.

ಬೇರಿಂಗ್ ಎಂದು ಖಚಿತವಾದ ಮೇಲೆ

ಬೇರಿಂಗ್ ಏಕೆ ಕೆಟ್ಟಿತೆಂದು ಕೇಳಿಕೊಳ್ಳಿ. ಓಡಿ ಬಿಸಿಯಾದ ಹಬ್ ಮಳೆನೀರು ನಿಂತ ರಸ್ತೆಯಲ್ಲಿ ಮುಳುಗಿ ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸ್ ಕೆಟ್ಟು ತುಕ್ಕು ಹಿಡಿದು, ಕೆಲವು ವಾರಗಳ ನಂತರ ಸದ್ದು ಶುರುವಾಗುತ್ತದೆ. ಗುರುತು ಹಾಕದ ಹಂಪುಗಳು ಮತ್ತು ಗುಂಡಿಗಳ ಹೊಡೆತಕ್ಕೆ ಗುಂಡುಗಳು ತಮ್ಮ ಹಾದಿಯಲ್ಲಿ ತಗ್ಗು ಒತ್ತಿಬಿಡುತ್ತವೆ. ಮೂರನೆಯ ಕಾರಣ ತಪ್ಪು ಜೋಡಣೆ, ಮತ್ತು ಅದನ್ನು ಪೂರ್ತಿಯಾಗಿ ತಡೆಯಬಹುದು.

ಹಬ್ ಸಮೇತ ನಾಲ್ಕು ಬೋಲ್ಟಿನಿಂದ ಕೂರುವ ಬಗೆಯ ಬೇರಿಂಗಾದರೆ ಕೆಲಸ ಸುಲಭ. ಹಬ್ ಅನ್ನು ಹೊರುವ ನಕಲ್ (knuckle) ಎಂಬ ಭಾಗದೊಳಗೆ ಒತ್ತಿ ಕೂರಿಸುವ ಬಗೆಯಾದರೆ ಪ್ರೆಸ್ ಕಡ್ಡಾಯ, ಸುತ್ತಿಗೆಗೆ ಅಲ್ಲಿ ಕೆಲಸವಿಲ್ಲ. ಬೇರಿಂಗನ್ನು ನಕಲ್‌ಗೆ ಒತ್ತುವಾಗ ಹೊರ ಬಳೆಯ ಮೇಲೆ ಮಾತ್ರ, ಹಬ್ ಒತ್ತುವಾಗ ಒಳ ಬಳೆಗೆ ಆಧಾರ ಕೊಟ್ಟು ಒತ್ತಬೇಕು. ಬಲ ಗುಂಡುಗಳ ಮೂಲಕ ಹಾದರೆ ಹೊಸ ಬೇರಿಂಗ್ ಮೊದಲ ದಿನವೇ ಗಾಯಗೊಂಡಿರುತ್ತದೆ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿಯೇ ಕಾಂತೀಯ ಪಟ್ಟಿ ಇರುತ್ತದೆ, ಆ ಬದಿ ಸೆನ್ಸರ್ ಕಡೆಗೇ ಬರಬೇಕು. ತಿರುವಿ ಕೂರಿಸಿದರೆ ಎಬಿಎಸ್ ದೀಪ ಹತ್ತಿ, ಇಡೀ ಕೆಲಸವನ್ನು ಹೊಸ ಬೇರಿಂಗಿನೊಂದಿಗೆ ಮತ್ತೆ ಮಾಡಬೇಕಾಗುತ್ತದೆ. ಹಬ್ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಅಂದಾಜಿಗೆ ಬಿಗಿಯದೆ, ಆ ಮಾದರಿಗೆ ತಯಾರಕರು ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಯಿಸಿ, ಹೊಸ ನಟ್ಟನ್ನೇ ಹಾಕಿಸಿ; ಎರಡು ಸಾಲಿನ ಗುಂಡುಗಳ ನಡುವಿನ ಒತ್ತಡ ನಿರ್ಧಾರವಾಗುವುದು ಬಹಳಷ್ಟು ಕಾರುಗಳಲ್ಲಿ ಈ ನಟ್ಟಿನಿಂದಲೇ.

ಎರಡೂ ಬದಿಯನ್ನು ಒಟ್ಟಿಗೆ ಬದಲಿಸಬೇಕೆಂಬ ಒತ್ತಾಯಕ್ಕೆ ಆಧಾರವಿಲ್ಲ. ಸ್ಪ್ರಿಂಗ್ ಪರೀಕ್ಷೆಯಲ್ಲಿ ಸುಮ್ಮನಿದ್ದ ಬೇರಿಂಗನ್ನು ಹಾಗೆಯೇ ಬಿಡಿ. ಕೆಲಸ ಮುಗಿದ ಮೇಲೆ ಮೊದಲು ಸದ್ದು ಕೇಳಿದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಕಿಟಕಿ ಮುಚ್ಚಿ, ಫ್ಯಾನು ಹಾಡು ಎಲ್ಲ ನಿಲ್ಲಿಸಿ ಮೆಕ್ಯಾನಿಕ್ ಪಕ್ಕದಲ್ಲಿ ಕೂತಿರುವಾಗಲೇ ಓಡಿಸಿ ನೋಡಿ, ಆಮೇಲೆ ಹಣ ಕೊಡಿ. ಬಿಚ್ಚಿದ ಹಳೆಯ ಬೇರಿಂಗನ್ನು ಕೇಳಿ ಪಡೆದು ಕೈಯಲ್ಲಿ ತಿರುಗಿಸಿ. ಒರಟು ತಾಗಿದರೆ ರೋಗ ಅದರದೇ. ಚಕ್ರದ ನಟ್ಟುಗಳನ್ನು ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.